ಮೈಕಲ್ಸನ್–ಮಾರ್ಲೆ ಪ್ರಯೋಗ: ಅಡ್ಡ ತೋಳಿನ ಲೆಕ್ಕ

ಬೆಳಕು ಅಲೆಯಾದರೆ ಅದಕ್ಕೊಂದು ಮಾಧ್ಯಮ ಬೇಕು, ಅದೇ ಈಥರ್. ಈ ವಾದ ಎಲ್ಲ ಪಠ್ಯಗಳಲ್ಲೂ ಇದೆ. ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುವ ಭೂಮಿಗೆ ಈಥರ್ ಗಾಳಿ ಎದುರಿಂದ ಬೀಸಬೇಕು. 1887ರ ಜುಲೈಯಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕಲ್ಸನ್ ಮತ್ತು ಮಾರ್ಲೆ ಹುಡುಕಿದ್ದು ಇದನ್ನೇ. ಒಂದು ಬೆಳಕನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾಗಿರುವ ಎರಡು ತೋಳುಗಳಲ್ಲಿ ಕಳಿಸಿ, ಮತ್ತೆ ಕೂಡಿಸಿ ವ್ಯತಿಕರಣ ಪಟ್ಟಿಗಳನ್ನು (ಎರಡು ಅಲೆಗಳು ಸೇರಿದಾಗ ಮೂಡುವ ಬೆಳಕು–ಕತ್ತಲೆಯ ಗೆರೆಗಳನ್ನು) ನೋಡುವುದು.

ಹೆಚ್ಚಿನವರು ಎಡವುವುದು ಅಡ್ಡ ತೋಳಿನಲ್ಲಿ. ಅಲ್ಲಿ ಗಾಳಿ ಎದುರಿಗೂ ಇಲ್ಲ, ಬೆನ್ನಿಗೂ ಇಲ್ಲ. ಹಾಗಾದರೆ ಹೋಗಿಬರುವ ಸಮಯ ಬದಲಾಗಬಾರದಲ್ಲ ಅನ್ನಿಸುತ್ತದೆ. ಬದಲಾಗುತ್ತದೆ. ಹೊಳೆಯ ಲೆಕ್ಕ ಹಾಕಿ ನೋಡಿ. ದೋಣಿಯ ವೇಗ ಗಂಟೆಗೆ 5 ಕಿ.ಮೀ., ಸೆಳವು 3, ದೂರ 1 ಕಿ.ಮೀ. ನಿಂತ ನೀರಾದರೆ ಹೋಗಿಬರಲು 24 ನಿಮಿಷ. ಹೊಳೆಯುದ್ದಕ್ಕೆ ಹೋದರೆ ಮೇಲಕ್ಕೆ ಸಿಗುವ ವೇಗ 2, ಕೆಳಕ್ಕೆ 8: ಅಂದರೆ 30 + 7.5 = 37.5 ನಿಮಿಷ. ಈಗ ಅಡ್ಡಕ್ಕೆ. ನೇರ ಆಚೆ ದಡ ಮುಟ್ಟಬೇಕಾದರೆ ದೋಣಿಯ ಮೂತಿಯನ್ನು ಸೆಳವಿನ ವಿರುದ್ಧ ಓರೆಯಾಗಿ ಹಿಡಿಯಬೇಕು. ಕರ್ಣ 5, ಒಂದು ಭುಜ 3, ಉಳಿದ ಭುಜ 4. ಆ 4 ಮಾತ್ರ ದಾಟಲು ಸಿಗುವ ವೇಗ. ಸಮಯ 30 ನಿಮಿಷ, 24 ಅಲ್ಲ.

ದೋಣಿಗೆ ಅಂಬಿಗ ಇದ್ದಾನೆ, ಬೆಳಕನ್ನು ಓರೆ ಹಿಡಿಯುವವರು ಯಾರು? ಯಾರೂ ಬೇಕಿಲ್ಲ. ಈಥರ್‌ನಲ್ಲಿ ನಿಂತು ನೋಡಿದರೆ, ಬೆಳಕು ತಲುಪುವಷ್ಟರಲ್ಲಿ ಕನ್ನಡಿಯೇ ಮುಂದೆ ಸರಿದಿರುತ್ತದೆ. ಕನ್ನಡಿಗೆ ತಾಗಿ, ಪಟ್ಟಿ ನೋಡುವ ದುರ್ಬೀನಿಗೆ ಮರಳುವ ಕಿರಣ ಓರೆಯಾಗಿ ಹೋಗಿ ಓರೆಯಾಗಿ ಬಂದದ್ದೇ. 1881ರ ಪೋಟ್ಸ್‌ಡಾಮ್ ಪ್ರಯೋಗದಲ್ಲಿ ಮೈಕಲ್ಸನ್ ಕೂಡ ಇದನ್ನು ಬಿಟ್ಟಿದ್ದರು. ಫ್ರೆಂಚ್ ವಿಜ್ಞಾನಿ ಪೋಟಿಯೆ ತಪ್ಪು ತೋರಿಸಿದರು, 1886ರಲ್ಲಿ ಡಚ್ ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕವನ್ನು ಮತ್ತೆ ಮಾಡಿದರು. ನಿರೀಕ್ಷಿತ ಸರಿತ (ಪಟ್ಟಿಗಳು ಪಕ್ಕಕ್ಕೆ ಸರಿಯುವ ಪ್ರಮಾಣ) ಅರ್ಧಕ್ಕಿಳಿಯಿತು, 1.2 ಮೀ. ತೋಳಿನ ಆ ಉಪಕರಣಕ್ಕೆ ಅದು ಪಟ್ಟಿಯ 0.04 ಭಾಗ ಮಾತ್ರ.

1887ರ ಅಂಕಿಗಳು: ಭೂಮಿಯ ವೇಗ ಬೆಳಕಿನ ವೇಗದ 10,000ದಲ್ಲಿ ಒಂದು ಪಾಲು, ಅದರ ವರ್ಗ 10 ಕೋಟಿಯಲ್ಲಿ ಒಂದು. ಹಲವು ಕನ್ನಡಿಗಳ ನಡುವೆ ಬೆಳಕನ್ನು ಪುಟಿಸಿ ತೋಳನ್ನು 11 ಮೀಟರ್ ಮಾಡಿದ್ದರು. ಎರಡು ದಾರಿಗಳ ವ್ಯತ್ಯಾಸ 0.11 ಮೈಕ್ರೋಮೀಟರ್. ಉಪಕರಣವನ್ನು 90 ಡಿಗ್ರಿ ತಿರುಗಿಸಿದರೆ ತೋಳುಗಳ ಪಾತ್ರ ಅದಲುಬದಲಾಗಿ ಬದಲಾವಣೆ 0.22. ತರಂಗದೂರ 0.55ರಿಂದ ಭಾಗಿಸಿ: 0.4 ಪಟ್ಟಿ. ಅಡ್ಡ ತೋಳನ್ನು ಮರೆತರೆ 0.8 ಬರುತ್ತದೆ. ನಿಮ್ಮ ಉತ್ತರ ಸರಿಯಾಗಿ ಎರಡು ಪಟ್ಟಾಗಿದ್ದರೆ ಮೊದಲು ಇಲ್ಲೇ ನೋಡಿ.

ತಿರುಗಿಸದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಎರಡು ತೋಳುಗಳನ್ನು ತರಂಗದೂರದ ಭಿನ್ನಾಂಶದಷ್ಟು ಕರಾರುವಾಕ್ಕಾಗಿ ಸಮ ಮಾಡಲಾಗದು. ಒಂದೂವರೆ ಮೀಟರ್ ಚದರದ, 30 ಸೆಂ.ಮೀ. ದಪ್ಪದ ಕಲ್ಲುಚಪ್ಪಡಿ ಪಾದರಸದ ಮೇಲೆ ತೇಲುತ್ತಿತ್ತು. ಆರು ನಿಮಿಷಕ್ಕೊಂದು ಸುತ್ತು, ಸುತ್ತಿಗೆ 16 ಗುರುತು. ಕಲ್ಲನ್ನು ನಿಲ್ಲಿಸಿ ಓದಿದರೆ ಅದರೊಳಗಿನ ಬಿಗಿತ ಅರ್ಧ ನಿಮಿಷವಾದರೂ ಪಟ್ಟಿಗಳನ್ನು ಅಲುಗಿಸುತ್ತಿತ್ತು. ಅದಕ್ಕೇ ಮೆಲ್ಲಗೆ ತಿರುಗುತ್ತಿರುವಾಗಲೇ ಓದಿದರು. ಈಥರ್ ಗಾಳಿಯಿಂದಾದ ಸರಿತವಾದರೆ ಸುತ್ತಿಗೆ ಎರಡು ಸಲ ಏರಿಳಿಯಬೇಕು. ಒಂದೇ ದಿಕ್ಕಿಗೆ ಜಾರುತ್ತ ಹೋದರೆ ಅದು ಬಿಸಿ–ತಂಪಿನ ಪ್ರಭಾವ.

ಕಂಡ ಸರಿತ 0.4ರ ಇಪ್ಪತ್ತನೇ ಒಂದಕ್ಕಿಂತ ಕಡಿಮೆ, ಬಹುಶಃ ನಲವತ್ತನೇ ಒಂದಕ್ಕಿಂತಲೂ ಕಡಿಮೆ. ಹಾಗೆಂದು ವೇಗವೂ ನಲವತ್ತನೇ ಒಂದು ಎಂದು ಬರೆಯಬೇಡಿ. ಸರಿತ ವೇಗದ ವರ್ಗಕ್ಕೆ ಅನುಪಾತ; ವರ್ಗಮೂಲ ತೆಗೆದರೆ ಸುಮಾರು ಆರನೇ ಒಂದು.

ಇಷ್ಟರಿಂದಲೇ ಈಥರ್ ಇಲ್ಲವೆಂದು ತೀರ್ಮಾನವಾಗಲಿಲ್ಲ. ಭೂಮಿ ಈಥರನ್ನು ತನ್ನೊಂದಿಗೆ ಪೂರ್ತಿ ಎಳೆದೊಯ್ಯುತ್ತದೆ ಎಂದರೆ ನಕ್ಷತ್ರಗಳ 20.5 ಆರ್ಕ್‌ಸೆಕೆಂಡಿನ ಅಪೇರಣೆಯನ್ನು (ಭೂಮಿಯ ಚಲನೆಯಿಂದ ಅವುಗಳ ಸ್ಥಾನ ತುಸು ಸರಿದಂತೆ ಕಾಣುವುದನ್ನು) ವಿವರಿಸುವುದು ಕಷ್ಟ. 1889ರಲ್ಲಿ ಫಿಟ್ಜ್‌ಜೆರಾಲ್ಡ್, 1892ರಲ್ಲಿ ಲೊರೆಂಟ್ಸ್ ಗಾಳಿಯುದ್ದದ ತೋಳೇ ಕುಗ್ಗುತ್ತದೆ ಎಂದರು. ಕುಗ್ಗುವುದು ಎಷ್ಟು? 11 ಮೀಟರಿಗೆ 0.055 ಮೈಕ್ರೋಮೀಟರ್, ಹೋಗಿಬರಲು 0.11. ಮೇಲಿನ ವ್ಯತ್ಯಾಸ ಸರಿಯಾಗಿ ಅಳಿಸಿಹೋಯಿತು. 1905ರಲ್ಲಿ ಐನ್‌ಸ್ಟೈನ್ ಈಥರಿನ ಅಗತ್ಯವೇ ಇಲ್ಲದ ದಾರಿ ತೋರಿಸಿದರು. 1932ರಲ್ಲಿ ಕೆನೆಡಿ ಮತ್ತು ಥಾರ್ನ್‌ಡೈಕ್ ಬೇಕೆಂದೇ ಅಸಮ ತೋಳು ಬಳಸಿದರು: ಕುಗ್ಗುವಿಕೆ ಮಾತ್ರ ನಿಜವಾಗಿದ್ದರೆ ಭೂಮಿಯ ವೇಗ ಬದಲಾದಂತೆ ಪಟ್ಟಿ ಸರಿಯಬೇಕಿತ್ತು. ಸರಿಯಲಿಲ್ಲ. ಅಂದರೆ ಕುಗ್ಗುವಿಕೆಯೊಂದೇ ಸಾಲದು, ಚಲಿಸುವ ಗಡಿಯಾರವೂ ನಿಧಾನವಾಗಲೇಬೇಕು.