ಹತ್ತುವಾಗ ಇಲ್ಲದ ನೋವು ಇಳಿಯುವಾಗ ಯಾಕೆ?

ಭಾನುವಾರ ಬೆಳಿಗ್ಗೆ ಐದು ಕಿಲೋಮೀಟರ್ ಓಡಿ ಬಂದೆ. ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವ ಓಟ. ಎದೆ ಮೇಲೆ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದ ನಂಬರು, ಪಕ್ಕದಲ್ಲಿ ಮೊಮ್ಮಗಳ ಕೈಹಿಡಿದ ಅಜ್ಜಿ, ಮುಂದೆ ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳುತ್ತಾ ಓಡುವ ಅಪ್ಪ. ಮೂವತ್ತಾರು ನಿಮಿಷದಲ್ಲಿ ಮುಗಿಸಿದೆ. ಅವತ್ತಿಡೀ ಕಾಲು ಹಗುರವಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯಲು ಹೋದೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ತೊಡೆಯ ಮುಂಭಾಗ ಚುರ್ ಎಂದಿತು. ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿದೆ. ಕೆಳಗೆ ಬಂದ ಮೇಲೆ ಬೀಗದ ಕೈ ಮರೆತದ್ದು ನೆನಪಾಗಿ ವಾಪಸ್ ಹತ್ತಿದೆ. ಹತ್ತುವಾಗ ಅಷ್ಟೇನೂ ನೋವಿಲ್ಲ! ಮತ್ತೆ ಇಳಿದೆ. ಮತ್ತೆ ಚುರ್.

ಅದೇ ಕಾಲು, ಅದೇ ಮೆಟ್ಟಿಲು. ಹತ್ತುವುದು ಕಷ್ಟದ ಕೆಲಸ, ಇಳಿಯುವುದು ಸುಲಭದ್ದು. ಆದರೆ ನೋವು ಸುಲಭದ ಕೆಲಸದಲ್ಲಿ ಜಾಸ್ತಿ. ಓಡಿದ ಮರುದಿನದ ನೋವಿನ ಗುಟ್ಟೆಲ್ಲ ಈ ಒಂದು ವ್ಯತ್ಯಾಸದಲ್ಲೇ ಇದೆ.

ಆ ಓಟದ ಕೊನೆಯಲ್ಲಿ ಮೈಕ್ ಹಿಡಿದಿದ್ದ ಒಬ್ಬರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಾಲು ಚಾಚಿಸಿದ್ದರು. "ಚೆನ್ನಾಗಿ ಎಳೀರಿ, ಲ್ಯಾಕ್ಟಿಕ್ ಆಸಿಡ್ ಎಲ್ಲ ಹೊರಗೆ ಹೋಗ್ಬೇಕು, ಇಲ್ಲಾಂದ್ರೆ ನಾಳೆ ನೋವು" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಈ ಮಾತು ಸುಳ್ಳೆಂದು ಗೊತ್ತಾಗಿ ನಲವತ್ತು ವರ್ಷ ದಾಟಿದೆ. ಇನ್ನೂ ಜಿಮ್ಮಿನಲ್ಲಿ, ಮಸಾಜ್ ಮಾಡುವ ಕಡೆ, ಫೋನಿಗೆ ಬರುವ ಸಂದೇಶಗಳಲ್ಲಿ ಅದು ಆರಾಮಾಗಿ ಓಡಾಡಿಕೊಂಡಿದೆ. ಆಸಿಡ್ ಕರಗಿಸಲು ಅದು ಕುಡಿಯಿರಿ, ಇದು ಹಚ್ಚಿರಿ ಎಂದು ಹೇಳುವವರಿಗೂ ಬರವಿಲ್ಲ. ಇಲ್ಲದ ವಿಷಕ್ಕೆ ಮದ್ದು ಮಾರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಈ ಆಸಿಡ್ಡಿಗೆ ಕೆಟ್ಟ ಹೆಸರು ಬಂದ ಕತೆ ಚೆನ್ನಾಗಿದೆ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಹುಳಿಯಾದ ಹಾಲಿನಿಂದ ಇದನ್ನು ಬೇರ್ಪಡಿಸಿದ. ಲ್ಯಾಕ್ಟಿಕ್ ಎಂದರೆ ಹಾಲಿನದು ಎಂದೇ ಅರ್ಥ. ಸುಮಾರು 1807ರಲ್ಲಿ ಸ್ವೀಡನ್ನಿನವನೇ ಆದ ಬರ್ಜೀಲಿಯಸ್ ಪ್ರಾಣಿಗಳ ಮಾಂಸದಲ್ಲೂ ಇದನ್ನು ಕಂಡ. ನೂರು ವರ್ಷ ಬಿಟ್ಟು, 1907ರಲ್ಲಿ, ಕೇಂಬ್ರಿಜ್‌ನ ವಾಲ್ಟರ್ ಫ್ಲೆಚರ್ ಮತ್ತು ಫ್ರೆಡರಿಕ್ ಹಾಪ್‌ಕಿನ್ಸ್ ಕಪ್ಪೆಯ ಕಾಲಿನ ಸ್ನಾಯು ತೆಗೆದುಕೊಂಡರು. ಅದಕ್ಕೆ ವಿದ್ಯುತ್ ತಾಗಿಸಿ ಮತ್ತೆ ಮತ್ತೆ ಕುಗ್ಗಿಸಿದರು. ಸ್ನಾಯು ದಣಿದು ನಿಂತಿತು. ಒಳಗೆ ನೋಡಿದರೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ಲೋಕ ತೀರ್ಮಾನಿಸಿತು.

ಆದರೆ ಅದು ಕತ್ತರಿಸಿದ ಕಾಲು. ರಕ್ತ ಹರಿಯದ, ಉಸಿರು ತಲುಪದ ಕಾಲು. ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಇತ್ತು: ದಣಿದ ಸ್ನಾಯುವನ್ನು ಆಕ್ಸಿಜನ್‌ನಲ್ಲಿಟ್ಟರೆ ಆ ಆಮ್ಲ ಮಾಯವಾಗುತ್ತಿತ್ತು. ಜನ ಮೊದಲರ್ಧ ನೆನಪಿಟ್ಟುಕೊಂಡರು, ಎರಡನೆಯದನ್ನು ಮರೆತರು.

ಜೀವಂತ ಕಾಲಿನಲ್ಲಿ ಏನಾಗುತ್ತದೆ? ಕಟ್ಟಿಗೆಯನ್ನು ಪೂರ್ತಿ ಸುಡದೆ ಅರ್ಧಕ್ಕೆ ನಿಲ್ಲಿಸಿದರೆ ಇದ್ದಿಲು ಸಿಗುತ್ತದೆ, ಅಲ್ವಾ? ಇದ್ದಿಲು ಕಸವಲ್ಲ. ಅದೇ ಒಳ್ಳೆ ಉರುವಲು. ಮೂಟೆ ಕಟ್ಟಿ ಬೇರೆ ಒಲೆಗೂ ಸಾಗಿಸಬಹುದು. ಜೋರಾಗಿ ಓಡುವಾಗ ಸ್ನಾಯು ಗ್ಲೂಕೋಸನ್ನು ಅರ್ಧ ಸುಟ್ಟು ಲ್ಯಾಕ್ಟೇಟ್ ಮಾಡುತ್ತದೆ. ಲ್ಯಾಕ್ಟಿಕ್ ಆಮ್ಲ ಮೈಯೊಳಗೆ ಇರುವುದು ಈ ರೂಪದಲ್ಲೇ. ಒಂದು ಗ್ಲೂಕೋಸ್ ಕಣವನ್ನು ಪೂರ್ತಿ ಸುಟ್ಟರೆ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಎಂದರೆ ಜೀವಕೋಶದ ಚಿಲ್ಲರೆ ಕಾಸು. ಲ್ಯಾಕ್ಟೇಟ್‌ವರೆಗೆ ಮಾತ್ರ ಸುಟ್ಟರೆ ಸಿಗುವುದು ಬರೀ 2. ಉಳಿದ ಶಕ್ತಿಯೆಲ್ಲ ಲ್ಯಾಕ್ಟೇಟ್ ಒಳಗೇ ಇರುತ್ತದೆ. ಅದನ್ನು ದೇಹ ಚೆಲ್ಲುತ್ತದೆಯೇ? ಇಲ್ಲ. ರಕ್ತದಲ್ಲಿ ಸಾಗಿಸಿ ಹೃದಯಕ್ಕೆ ಕೊಡುತ್ತದೆ, ಸುಮ್ಮನಿರುವ ಬೇರೆ ಸ್ನಾಯುಗಳಿಗೆ ಕೊಡುತ್ತದೆ. ಯಕೃತ್ತು ಅದರಿಂದ ಮತ್ತೆ ಗ್ಲೂಕೋಸ್ ಕಟ್ಟುತ್ತದೆ. ಈ ಯಕೃತ್ತಿನ ದಾರಿಯನ್ನು ಹುಡುಕಿದವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ. ಲ್ಯಾಕ್ಟೇಟ್ ಒಂದು ಕೋಶದಿಂದ ಇನ್ನೊಂದಕ್ಕೆ ಉರುವಲಾಗಿ ಓಡಾಡುತ್ತದೆ ಎಂದು 1980ರ ದಶಕದಲ್ಲಿ ಗಟ್ಟಿಯಾಗಿ ಹೇಳಿದವರು ಕ್ಯಾಲಿಫೋರ್ನಿಯಾದ ಜಾರ್ಜ್ ಬ್ರೂಕ್ಸ್.

ಓಟ ನಿಲ್ಲಿಸಿ ಒಂದು ಗಂಟೆ ಕಳೆಯುವಷ್ಟರಲ್ಲಿ ರಕ್ತದ ಲ್ಯಾಕ್ಟೇಟ್ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನಾವು ಮನೆಗೆ ಬಂದು ಸ್ನಾನ ಮುಗಿಸುವ ಹೊತ್ತಿಗೆ ಅದರ ಕತೆ ಮುಗಿದಿದೆ. ನೋವು ಬಂದದ್ದು ಮರುದಿನ. ಊರು ಬಿಟ್ಟು ಹೋದವನ ಮೇಲೆ ಮರುದಿನದ ಕಳ್ಳತನ ಹೊರಿಸಿದರೆ ಹೇಗೆ? ಕೊನೆಯ ನೂರು ಮೀಟರ್ ಜೋರಾಗಿ ಓಡಿದಾಗ ತೊಡೆಯಲ್ಲಿ ಆಗುವ ಉರಿ ಬೇರೆ ವಿಷಯ. ಅದರಲ್ಲಿ ಆಮ್ಲದ ಪಾತ್ರ ಇದೆ. ಆದರೆ ಆ ಉರಿ ನಿಂತು ಸುಧಾರಿಸಿಕೊಳ್ಳುವಷ್ಟರಲ್ಲಿ ಹೋಗಿಬಿಡುತ್ತದೆ.

ಹಾಗಾದರೆ ಮೆಟ್ಟಿಲಿನ ನೋವು? ನನಗೆ ಬಹಳ ಇಷ್ಟವಾದ ಭಾಗ ಇದೇ.

ಸ್ನಾಯು ಎಂದರೆ ಕುಗ್ಗುವುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ಮಂಡಿಯನ್ನು ನೆಟ್ಟಗೆ ಮಾಡುತ್ತದೆ. ಇಳಿಯುವಾಗ ಮಂಡಿ ಮಡಚುತ್ತದೆ, ಆಗ ಅದೇ ಸ್ನಾಯು ಉದ್ದವಾಗುತ್ತದೆ. ಆದರೆ ಸಡಿಲ ಬಿಡುವಂತಿಲ್ಲ. ಬಿಟ್ಟರೆ ನಾವು ಮುಗ್ಗರಿಸಿ ಬೀಳುತ್ತೇವೆ. ಹಾಗಾಗಿ ಅದು ಎಳೆಸಿಕೊಳ್ಳುತ್ತಲೇ ಬಿಗಿ ಹಿಡಿಯಬೇಕು. ಬಾವಿಗೆ ತುಂಬಿದ ಕೊಡ ಇಳಿಸಿ ನೋಡಿ. ಹಗ್ಗ ಕೆಳಗೆ ಹೋಗುತ್ತಿದೆ, ಕೈ ಮಾತ್ರ ಬಿಗಿಯಾಗಿಯೇ ಇದೆ. ಮೇಲೆ ಎಳೆಯುವಾಗ ಏದುಸಿರು ಬರುತ್ತದೆ, ಆದರೆ ಅಂಗೈ ತರಚುವುದು ಹಗ್ಗ ಜಾರಿಸುವಾಗ.

ಇನ್ನೂ ಹತ್ತಿರ ಹೋಗಿ ನೋಡೋಣ. ಸ್ನಾಯುವಿನ ಒಂದು ಎಳೆ ಎಂದರೆ ಸಾರ್ಕೊಮಿಯರ್ ಎಂಬ ಪುಟ್ಟ ಕೊಂಡಿಗಳ ಸರಪಳಿ. ಒಂದೊಂದು ಕೊಂಡಿ ಸುಮಾರು ಎರಡೂವರೆ ಮೈಕ್ರೋಮೀಟರ್. ಹತ್ತು ಸೆಂಟಿಮೀಟರ್ ಎಳೆಯಲ್ಲಿ ಅಂಥ ಸುಮಾರು 40,000 ಕೊಂಡಿ ಸಾಲಾಗಿವೆ. ಪ್ರತಿ ಕೊಂಡಿಯೊಳಗೂ ಒಂದು ಹಗ್ಗಜಗ್ಗಾಟ. ಮಯೋಸಿನ್ ಎಂಬ ಪ್ರೋಟೀನಿನ ಪುಟ್ಟ ಕೈಗಳು ಆಕ್ಟಿನ್ ಎಂಬ ಹಗ್ಗವನ್ನು ಹಿಡಿದು ಎಳೆಯುತ್ತವೆ. ಹತ್ತುವಾಗ ಕೈಗಳು ಗೆಲ್ಲುತ್ತವೆ. ಇಳಿಯುವಾಗ ಎದುರಿನ ತಂಡ, ಅಂದರೆ ನಮ್ಮ ಮೈಭಾರ, ಹಗ್ಗವನ್ನು ತನ್ನ ಕಡೆಗೆ ಎಳೆಯುತ್ತದೆ, ಕೈಗಳು ಬಿಡದೆ ಜೋತುಬಿದ್ದಿರುತ್ತವೆ. 40,000 ಕೊಂಡಿಗಳೂ ಒಂದೇ ಸಮ ಗಟ್ಟಿ ಇರುವುದಿಲ್ಲ. ದುರ್ಬಲವಾದ ಕೊಂಡಿ ಮೊದಲು ಹಿಗ್ಗುತ್ತದೆ. ಹಿಗ್ಗಿದಷ್ಟೂ ಅದರ ಹಿಡಿತ ಕಡಿಮೆ, ಹಿಡಿತ ಕಡಿಮೆಯಾದಷ್ಟೂ ಇನ್ನೂ ಹಿಗ್ಗುತ್ತದೆ. ಹಳೆ ಸ್ವೆಟರಿನ ಒಂದೇ ಜಾಗ ಜೋಲುಬಿದ್ದ ಹಾಗೆ. ಮೆಟ್ಟಿಲು ಇಳಿದು ಓಡಿದವರ ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ, ನೆಟ್ಟಗಿರಬೇಕಾದ ಕೊಂಡಿಯ ಗೆರೆಗಳು ಅಲ್ಲಲ್ಲಿ ಕದಡಿ, ಅಂಕುಡೊಂಕಾಗಿ ಕಂಡಿವೆ.

ಇಲ್ಲೊಂದು ಸೈಕಲ್ಲಿನ ಕತೆ ಹೇಳಲೇಬೇಕು. 1952ರಲ್ಲಿ ಆಬಟ್, ಬಿಗ್ಲೆಂಡ್ ಮತ್ತು ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯುತ್ತಾರೆ. ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ತಡೆಯಬೇಕು. ಇಬ್ಬರ ಕಾಲಿಗೂ ಅಷ್ಟೇ ಬಲ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ತೋರಿಸಿದಾಗ ತುಳಿಯುತ್ತಿದ್ದ ಗಂಡಸು ದಣಿದು ಹೋದ, ತಡೆಯುತ್ತಿದ್ದ ಸಣ್ಣ ಮೈಕಟ್ಟಿನ ಯುವತಿಗೆ ಅದು ಏನೂ ಶ್ರಮವೆನಿಸಲಿಲ್ಲ. ತಡೆಯುವ ಕೆಲಸಕ್ಕೆ ಆಕ್ಸಿಜನ್ ತುಂಬಾ ಕಡಿಮೆ ಸಾಕು, ಯಾಕೆಂದರೆ ಕೆಲವೇ ಎಳೆಗಳು ಸೇರಿ ಅಷ್ಟೂ ಭಾರ ಹೊರುತ್ತವೆ. ಹತ್ತು ಜನ ಹೊರುವ ತೊಲೆಯನ್ನು ಮೂವರ ಹೆಗಲಿಗೆ ಹಾಕಿದಂತೆ. ಊಟದ ಖರ್ಚು ಉಳಿಯಿತು, ಹೆಗಲು ಬಾತುಕೊಂಡಿತು. ಇಳಿಜಾರಿನಲ್ಲಿ ಓಡುವಾಗ ಉಸಿರು ಹಗುರಾಗಿದ್ದು ತೊಡೆ ಮರುದಿನ ಸೇಡು ತೀರಿಸಿಕೊಳ್ಳುವುದು ಇದರಿಂದಲೇ.

ಲ್ಯಾಕ್ಟೇಟ್ ತಪ್ಪಿತಸ್ಥ ಅಲ್ಲ ಎಂದು ಖಚಿತಪಡಿಸಿದ ಪ್ರಯೋಗ 1983ರದ್ದು. ಕೆಲವರನ್ನು ಸಮತಟ್ಟಾದ ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಕೆಲವರನ್ನು ಇಳಿಜಾರಿನದರ ಮೇಲೆ. ಸಮತಟ್ಟಿನಲ್ಲಿ ಓಡಿದವರ ರಕ್ತದಲ್ಲಿ ಲ್ಯಾಕ್ಟೇಟ್ ಏರಿತು, ಆಮೇಲೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನವರಿಗೆ ಲ್ಯಾಕ್ಟೇಟ್ ಏರಲೇ ಇಲ್ಲ, ನೋವು ಮಾತ್ರ ಜೋರಾಗಿ ಬಂತು. ಇಷ್ಟು ಚೊಕ್ಕವಾದ ಫಲಿತಾಂಶ ಜೀವವಿಜ್ಞಾನದಲ್ಲಿ ಅಪರೂಪ. ಮರುದಿನದ ನೋವಿಗೂ ದಣಿವಿನ ನೋವಿಗೂ ಮೂಲ ಬೇರೆ, ಎಳೆಯೊಳಗೆ ಏನೋ ಹರಿದಿರಬೇಕು ಎಂದು ಅಮೆರಿಕದ ಥಿಯೊಡೋರ್ ಹಫ್ 1902ರಲ್ಲೇ ಊಹಿಸಿದ್ದ.

ನೋವು ತಡವಾಗಿ ಬರುವುದು ಯಾಕೆ? ಕೊಂಡಿ ಕಳಚಿದ್ದು ನರಕ್ಕೆ ನೇರವಾಗಿ ಗೊತ್ತಾಗುವುದಿಲ್ಲ. ಹಾನಿಯಾದ ಕಡೆಗೆ ಒಂದು ದಿನದಲ್ಲಿ ರಿಪೇರಿ ಕೋಶಗಳು ಬರುತ್ತವೆ. ಜಾಗ ಸ್ವಲ್ಪ ಬಾತುಕೊಳ್ಳುತ್ತದೆ. ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ಸುತ್ತಲಿನ ನರದ ತುದಿಗಳನ್ನು ಚುರುಕು ಮಾಡುತ್ತವೆ. ಅದಕ್ಕೇ ಸುಮ್ನೆ ಕೂತರೆ ನೋವಿಲ್ಲ. ಒತ್ತಿದರೆ, ಎಳೆದರೆ ಇದೆ. ಎರಡನೇ, ಮೂರನೇ ದಿನ ತುದಿಗೇರಿ ವಾರದೊಳಗೆ ಹೋಗುತ್ತದೆ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಡ ಮಾಡದೆ ವೈದ್ಯರ ಬಳಿ ಹೋಗಬೇಕು. ಅದು ಸ್ನಾಯು ತೀರಾ ಒಡೆದು ಮೂತ್ರಪಿಂಡಕ್ಕೆ ತೊಂದರೆಯಾಗುವ ಸೂಚನೆ. ಓಡಿದ ಮೇಲೆ ಕಾಲು ಚಾಚಿ ಎಳೆಯುವುದರಿಂದ ಮರುದಿನದ ನೋವು ಕಡಿಮೆಯಾಗುವುದು ತೀರಾ ಅಲ್ಪ. ಮಸಾಜಿನಿಂದ ಹಾಯೆನಿಸಬಹುದು, ಆದರೆ ಅದು ಆಸಿಡ್ ಹಿಂಡಿ ತೆಗೆಯುವುದಿಲ್ಲ.

ಸಮತಟ್ಟು ದಾರಿಯಲ್ಲೂ ಪ್ರತಿ ಹೆಜ್ಜೆ ಊರಿದಾಗ ಮಂಡಿ ಸ್ವಲ್ಪ ಮಡಚುತ್ತದೆ. ಮೈತೂಕದ ಎರಡು ಮೂರು ಪಟ್ಟು ಬಲವನ್ನು ತೊಡೆ ಹಿಡಿದು ನಿಲ್ಲಿಸುತ್ತದೆ. ನಿಮಿಷಕ್ಕೆ 165 ಹೆಜ್ಜೆ ಎಂದರೆ ನನ್ನ 36 ನಿಮಿಷದಲ್ಲಿ ಆರು ಸಾವಿರ ಹತ್ತಿರ. ದಿನಾ ಓಡುವವರ ಸ್ನಾಯುವಿಗೆ ಇದು ಮಾಮೂಲು. ದೇಣಿಗೆ ಓಟಕ್ಕೆ ಬರುವ ನಮ್ಮಂಥವರಿಗೆ ಹಾಗಲ್ಲ.

ಇಂಥ ಓಟಗಳಿಗೆ ದಾರಿ ತೋರಿದವರಲ್ಲಿ ಕೆನಡಾದ ಟೆರಿ ಫಾಕ್ಸ್ ದೊಡ್ಡ ಹೆಸರು. ಕ್ಯಾನ್ಸರ್‌ನಿಂದ ಬಲಗಾಲು ಕಳೆದುಕೊಂಡ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ರೋಗ ಮರುಕಳಿಸಿ ನಿಲ್ಲಬೇಕಾಯಿತು. 1981ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ ತೀರಿಕೊಂಡ. ಅದೇ ಸೆಪ್ಟೆಂಬರಿನಿಂದ ಅವನ ಹೆಸರಿನ ಓಟ ನಡೆಯುತ್ತಿದೆ. ಅದರಲ್ಲಿ ಸ್ಪರ್ಧೆ ಇಲ್ಲ, ಗೆದ್ದವರು ಸೋತವರು ಇಲ್ಲ. ಆದ್ದರಿಂದಲೇ ಎಂದೂ ಓಡದವರೂ ಬರುತ್ತಾರೆ. ಹಾಗೆ ಬಂದವರು ಮರುದಿನದ ನೋವು ಕಂಡು, ಮೈಯಲ್ಲಿ ವಿಷ ತುಂಬಿತು, ಓಟ ನನಗಲ್ಲ ಎಂದು ಬಿಟ್ಟುಬಿಟ್ಟರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಯಾಕೆಂದರೆ ಆ ನೋವಿನ ಹಿಂದೆಯೇ ಸ್ನಾಯು ಒಂದು ದೊಡ್ಡ ಕೆಲಸ ಮುಗಿಸಿರುತ್ತದೆ. ಒಮ್ಮೆ ಹೀಗೆ ಎಳೆತ ತಿಂದ ಸ್ನಾಯು ರಿಪೇರಿಯಾಗಿ, ಮುಂದಿನ ಕೆಲವು ವಾರಗಳವರೆಗೆ ಅದೇ ಕೆಲಸಕ್ಕೆ ಅಷ್ಟು ಹಾನಿಗೊಳ್ಳುವುದಿಲ್ಲ. ಒಂದೇ ಸಲದ ಪಾಠ ಸಾಕು. ಹಾಗಾಗಿ ಓಟಕ್ಕೆ ಎರಡು ಮೂರು ವಾರ ಮೊದಲು ಒಂದು ಸಣ್ಣ ಇಳಿಜಾರಿನಲ್ಲಿ ಹತ್ತು ನಿಮಿಷ ನಿಧಾನವಾಗಿ ಓಡಿ ಇಳಿದರೂ ತೊಡೆ ತಯಾರಾಗುತ್ತದೆ.

ಮೂರು ವಾರ ಬಿಟ್ಟು ಇನ್ನೊಂದು ಓಟಕ್ಕೆ ಹೋದೆ. ಅದೇ ಐದು ಕಿಲೋಮೀಟರ್, ಒಂದೂವರೆ ನಿಮಿಷ ಬೇಗ ಮುಗಿಯಿತು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, ಕಂಬಿ ಮೇಲೆ ಕೈ ಇಟ್ಟುಕೊಂಡೇ ಮೊದಲ ಹೆಜ್ಜೆ ಇಳಿಸಿದೆ. ತೊಡೆ ಸ್ವಲ್ಪ ಬಿಗಿದಿತ್ತು, ಅಷ್ಟೇ. ಮೂರನೇ ಮೆಟ್ಟಿಲಿಗೆ ಕಂಬಿ ಬಿಟ್ಟೆ.