ನುಂಗಲಾರದ ಕೂಸಿಗೆ ಹೊಟ್ಟೆಯ ಹಾದಿ

ನುಂಗಲು ಬಾರದ ಮಗುವಿಗೆ ಶಸ್ತ್ರಚಿಕಿತ್ಸೆ ಎಂದರೆ ಗಂಟಲನ್ನು ಸರಿಪಡಿಸುವುದೆಂದೇ ಮನೆಯವರು ತಿಳಿಯುತ್ತಾರೆ. ಹಾಗೆ ಸರಿಪಡಿಸಬಹುದಾದ ತೊಂದರೆಗಳೂ ಇವೆ: ಹುಟ್ಟಿನಿಂದಲೇ ತುಂಡಾಗಿದ್ದ ಅನ್ನನಾಳವನ್ನು ನೇರವಾಗಿ ಜೋಡಿಸಿ ಮಗುವನ್ನು ಉಳಿಸಿಕೊಳ್ಳಲು 1941ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕ್ಯಾಮೆರಾನ್ ಹೇಟ್ ಅವರಿಗೆ ಸಾಧ್ಯವಾಯಿತು. ಆದರೆ ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಯಲ್ಲಿ ದೋಷವಿರುವುದು ಗಂಟಲನ್ನು ನಡೆಸುವ ಮಿದುಳಿನಲ್ಲಿ. ಅಂಥಲ್ಲಿ ಉಳಿಯುವುದು ಗಂಟಲನ್ನು ಬದಿಗಿಟ್ಟು ಹೋಗುವ ದಾರಿ, ಅಂದರೆ ಹೊಟ್ಟೆಗೇ ರಂಧ್ರ ಮಾಡಿ ಟ್ಯೂಬ್ ಇಡುವ ಗ್ಯಾಸ್ಟ್ರಾಸ್ಟಮಿ.

19ನೇ ಶತಮಾನದಲ್ಲಿ ಆರಂಭವಾದ ಈ ಚಿಕಿತ್ಸೆಗೆ ಬಹುಕಾಲ ಹೊಟ್ಟೆ ಕೊಯ್ಯಲೇಬೇಕಿತ್ತು. ಒಳಗನ್ನು ನೋಡಲು ಬಾಯಿಯ ಮೂಲಕ ಎಂಡೋಸ್ಕೋಪ್ ಎಂಬ ಕೊಳವೆ ಇಳಿಸಿದಾಗ ಅದರ ತುದಿಯ ದೀಪ ಪುಟ್ಟ ಮಕ್ಕಳ ಹೊಟ್ಟೆಯ ಚರ್ಮದ ಮೇಲೆ ಹೊಳೆಯುವುದನ್ನು ಕ್ಲೀವ್‌ಲ್ಯಾಂಡ್‌ನ ಮಕ್ಕಳ ಶಸ್ತ್ರವೈದ್ಯ ಮೈಕೇಲ್ ಗಾಡರರ್ ಗಮನಿಸಿದ್ದರು. 1979ರ ಜೂನ್‌ನಲ್ಲಿ ಅವರೂ ಎಂಡೋಸ್ಕೋಪಿ ತಜ್ಞ ಜೆಫ್ರಿ ಪಾನ್ಸ್ಕಿಯವರೂ ನಾಲ್ಕೂವರೆ ತಿಂಗಳ ಕೂಸೊಂದಕ್ಕೆ, ಆ ಹೊಳಪು ಕಂಡ ಜಾಗದಲ್ಲೇ ಸೂಜಿ ಚುಚ್ಚಿ, ದಾರವನ್ನು ಒಳಬಿಟ್ಟು ಬಾಯಿಯಿಂದ ಹೊರತೆಗೆದು, ಅದಕ್ಕೆ ಟ್ಯೂಬ್ ಕಟ್ಟಿ, ಮತ್ತೆ ಹೊಟ್ಟೆಯ ಕಡೆಯಿಂದ ಎಳೆದುಕೊಂಡರು. ಲಂಗಕ್ಕೆ ಲಾಡಿ ಪೋಣಿಸಿದವರಿಗೆ ಈ ಯುಕ್ತಿ ಹೊಸದೆನಿಸದು. ಕೂಸುಗಳಿಗೆಂದು ಹುಟ್ಟಿದ ಈ ‘ಪೆಗ್’ (ಎಂಡೋಸ್ಕೋಪ್ ನೆರವಿನಿಂದ ಚರ್ಮದ ಮೂಲಕ ಮಾಡುವ ಗ್ಯಾಸ್ಟ್ರಾಸ್ಟಮಿಯ ಇಂಗ್ಲಿಷ್ ಹೆಸರಿನ ಮೊಟಕು ರೂಪ) ವಿಧಾನ ಬಹುಬೇಗ ವೃದ್ಧರಿಗೂ ಬಳಕೆಯಾಯಿತು.

ಟ್ಯೂಬ್ ಹಾಕುವುದು ಸಲೀಸಾದಷ್ಟೂ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಹಿಂದೆ ಬಿದ್ದವು. ಹೊಟ್ಟೆಯ ಹಾಲು ಮೇಲಕ್ಕುಕ್ಕಿ ಶ್ವಾಸಕೋಶ ಸೇರುವುದನ್ನಾಗಲಿ, ಜೊಲ್ಲು ಶ್ವಾಸನಾಳಕ್ಕೆ ಇಳಿಯುವುದನ್ನಾಗಲಿ ಟ್ಯೂಬ್ ತಡೆಯದು. ಹೀಗಾಗಿ, ಹಾಲು ಮೇಲಕ್ಕುಕ್ಕದಂತೆ ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ, ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ 1956ರಲ್ಲಿ ಪ್ರಕಟಿಸಿದ ಫಂಡೋಪ್ಲಿಕೇಶನ್ನನ್ನೂ ಇಂಥ ಅನೇಕ ಮಕ್ಕಳಿಗೆ ಟ್ಯೂಬಿನ ಜೊತೆಗೇ ಮಾಡುವ ರೂಢಿ ಬೆಳೆಯಿತು. ಹೊಲಿಗೆ ಸಡಿಲಾಗುವುದು, ಓಕರಿಕೆ ಬಂದರೂ ವಾಂತಿಯಾಗದೆ ಮಗು ಒದ್ದಾಡುವುದು ಕಂಡುಬಂದ ಮೇಲೆ ಆ ಉತ್ಸಾಹ ತಗ್ಗಿತು.

ಎಕ್ಸ್‌ರೇಗೆ ಕಾಣುವ ಬೇರಿಯಂ ಎಂಬ ವಸ್ತು ಬೆರೆಸಿದ ಆಹಾರ ಗಂಟಲಲ್ಲಿ ಇಳಿಯುವುದನ್ನು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ಬಂದ ಮೇಲೆ ಇನ್ನೊಂದು ಸಂಗತಿ ಬಯಲಾಯಿತು: ಕೆಮ್ಮೇ ಇಲ್ಲದೆ ಆಹಾರ ಶ್ವಾಸನಾಳಕ್ಕೆ ಜಾರುವ ಮಕ್ಕಳಿದ್ದಾರೆ. ಒಳಲೆಯಲ್ಲಿ ಗಂಟೆಗಟ್ಟಲೆ ಹಾಲು ಹಾಕುವ ತಾಯಿಗೆ ಇದು ತಿಳಿಯುವ ಬಗೆಯೇ ಇಲ್ಲ. ಮಗುವನ್ನು ಕೂರಿಸುವ ಭಂಗಿ, ಆಹಾರದ ಹದ, ತುತ್ತಿನ ಅಳತೆಗಳನ್ನು ತಿದ್ದುವವರು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಆರಂಭವಾಗಿದ್ದರೂ, ಮಾತು ಬಾರದಿದ್ದರೆ ಹೋಗುವ ವಾಕ್ ಚಿಕಿತ್ಸಕರ ಬಳಿ ನುಂಗಲಾಗದಿದ್ದರೂ ಹೋಗಬೇಕೆಂಬುದು ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲ.

ಟ್ಯೂಬ್ ಇದ್ದಾಗಲೂ, ಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡಷ್ಟು ಗಂಜಿಯನ್ನು ಬಾಯಿಗೆ ಕೊಡಬಹುದು. ನುಂಗುವುದು ರೂಢಿಯಾಗಿ ಟ್ಯೂಬ್ ತೆಗೆದರೆ ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಬಹುಕಾಲ ಇದ್ದದ್ದಾದರೆ ಕೆಲವೊಮ್ಮೆ ಹೊಲಿಯಬೇಕಾಗುತ್ತದೆ.