ರಿಸೈಕಲ್ ಬಿನ್ ಖಾಲಿಯಾಗದಿದ್ದರೆ ಅದು ವೈರಸ್ಸೇ?

ಪ್ರಶ್ನೆ: ರಿಸೈಕಲ್ ಬಿನ್ ಖಾಲಿ ಮಾಡಿದರೂ ಒಂದೆರಡು ಫೈಲು ಹೋಗುವುದೇ ಇಲ್ಲ. ಕೆಲವು ಸಲ ಒಳಗೆ ಏನೂ ಕಾಣಿಸದಿದ್ದರೂ ಬುಟ್ಟಿ ತುಂಬಿದಂತೆಯೇ ತೋರಿಸುತ್ತದೆ. ಅಂಗಡಿಯವರು ವೈರಸ್ ಇದೆ, ಫಾರ್ಮ್ಯಾಟ್ ಹೊಡೆಯಬೇಕು ಅಂದರು. ಏನು ಮಾಡಲಿ?

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಇದೇ ಪ್ರಶ್ನೆ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಅದೇ ವೈರಸ್ಸಿನ ಹೆಸರು ಹೊತ್ತು ಬರುತ್ತದೆ. ಆದ್ದರಿಂದ ಮೊದಲು ಅದನ್ನೇ ಬಿಡಿಸೋಣ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ (ತಾನೇ ಹರಡುವ, ವೈರಸ್ಸಿನಂಥ ಪ್ರೋಗ್ರಾಂ) ಪೆನ್‌ಡ್ರೈವ್‌ಗಳಲ್ಲಿ 'ರಿಸೈಕ್ಲರ್' ಎಂಬ ಹೆಸರಿನ ಫೋಲ್ಡರ್ ಮಾಡಿಕೊಂಡು ಅದರಲ್ಲಿ ಅಡಗುತ್ತಿತ್ತು. ಪೆನ್‌ಡ್ರೈವ್ ಚುಚ್ಚಿದೊಡನೆ, ಅದರಲ್ಲಿನ ಪ್ರೋಗ್ರಾಂಗಳನ್ನು ತಾನಾಗಿ ಓಡಿಸುವ ಆಟೋರನ್ ಎಂಬ ವಿಂಡೋಸ್ ಸೌಲಭ್ಯ ಅದನ್ನು ಎಬ್ಬಿಸುತ್ತಿತ್ತು. 'ಪೆನ್‌ಡ್ರೈವಿನಲ್ಲಿ ರಿಸೈಕ್ಲರ್ ಕಂಡರೆ ಅನುಮಾನಪಡಿ' ಎಂಬುದು ಆ ಕಾಲಕ್ಕೆ ಸರಿಯಾದ ಎಚ್ಚರಿಕೆಯೇ. ಏಕೆಂದರೆ ವಿಂಡೋಸ್ ಸಾಮಾನ್ಯವಾಗಿ ಪೆನ್‌ಡ್ರೈವಿನ ಫೈಲುಗಳನ್ನು ಬಿನ್‌ಗೆ ಹಾಕುವುದೇ ಇಲ್ಲ, ನೇರವಾಗಿ ಅಳಿಸುತ್ತದೆ. ಆದರೆ ವಿಂಡೋಸ್ 7ರಲ್ಲೇ ಪೆನ್‌ಡ್ರೈವಿನ ಆಟೋರನ್ ನಿಂತಿತು, 2011ರ ಫೆಬ್ರವರಿಯ ಅಪ್‌ಡೇಟ್ ಹಳೆಯ ಎಕ್ಸ್‌ಪಿ, ವಿಸ್ತಾಗಳಲ್ಲೂ ಅದನ್ನು ನಿಲ್ಲಿಸಿತು. ದಾರಿ ಮುಚ್ಚಿ ಇಷ್ಟು ವರ್ಷವಾದರೂ ಭಯ ಮಾತ್ರ ಉಳಿದುಕೊಂಡಿದೆ, ಪೆನ್‌ಡ್ರೈವಿನಿಂದ ಹಾರಿ ಕಂಪ್ಯೂಟರಿನ ಬಿನ್ ಮೇಲೆ ಕೂತಿದೆ.

ಕಂಪ್ಯೂಟರಿನ ಪ್ರತಿ ಡ್ರೈವಿನ ಬುಡದಲ್ಲೂ '$ರಿಸೈಕಲ್.ಬಿನ್' ಎಂಬ ಅಡಗಿಸಿದ ಫೋಲ್ಡರ್ ಇರುತ್ತದೆ. ಅದು ವಿಂಡೋಸೇ ಮಾಡಿಕೊಂಡದ್ದು. ಸಿ ಡ್ರೈವಿಗೆ ಒಂದು, ಡಿ ಡ್ರೈವಿಗೆ ಇನ್ನೊಂದು. ನೀವು ಅಳಿಸಿದ ಪ್ರತಿ ಫೈಲೂ ಅಲ್ಲಿ ಜೋಡಿಯಾಗಿ ಇರುತ್ತದೆ: '$ಆರ್' ಎಂದು ಶುರುವಾಗುವುದರಲ್ಲಿ ನಿಜವಾದ ವಿಷಯ, '$ಐ' ಎಂದು ಶುರುವಾಗುವುದರಲ್ಲಿ ಅದರ ಹಳೆಯ ಹೆಸರು, ಜಾಗ, ಅಳಿಸಿದ ಸಮಯ. ಈ ವಿಚಿತ್ರ ಹೆಸರುಗಳನ್ನು ನೋಡಿಯೇ ಅನೇಕರು ವೈರಸ್ ಎಂದುಕೊಳ್ಳುವುದು. ಅಳಿಸುವಾಗ ಕರೆಂಟ್ ಹೋದರೆ, ಹೊರಗಿನ ಹಾರ್ಡ್‌ಡಿಸ್ಕ್ ಕಿತ್ತರೆ ಈ ಲೆಕ್ಕ ತಪ್ಪಬಹುದು. ಆಗ ಬುಟ್ಟಿ ಸುಳ್ಳು ತೋರಿಸುತ್ತದೆ.

ಇನ್ನು ರಿಪೇರಿ. ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ರೀಸ್ಟಾರ್ಟ್. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಶಟ್‌ಡೌನ್‌ನಲ್ಲಿ ವ್ಯವಸ್ಥೆಯ ಒಂದು ಭಾಗ ನಿದ್ದೆ ಹೋಗುತ್ತದಷ್ಟೇ, ಪೂರ್ತಿ ಮುಚ್ಚುವುದಿಲ್ಲ. ಫೈಲನ್ನು ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿದ್ದರೆ ಬಹುಪಾಲು ಇಷ್ಟಕ್ಕೇ ಬಿಡುತ್ತದೆ. ಹಿಡಿದಿರುವವರು ಯಾರೆಂದು ತಿಳಿಯಬೇಕಾದರೆ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಟ್ಯಾಬಿನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಜಾಗದಲ್ಲಿ 'ರಿಸೈಕಲ್' ಎಂದು ಇಂಗ್ಲಿಷಿನಲ್ಲಿ ಹುಡುಕಿ.

ಅದಕ್ಕೂ ಬಗ್ಗದಿದ್ದರೆ ಫೋಲ್ಡರನ್ನೇ ಅಳಿಸಬೇಕು, ವಿಂಡೋಸ್ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ. ಬೇಕಾದ ಫೈಲಿದ್ದರೆ ಮೊದಲು ರಿಸ್ಟೋರ್ ಮಾಡಿಕೊಳ್ಳಿ. ಆ ಡ್ರೈವನ್ನು ಬಳಸುವ ಎಲ್ಲ ಯೂಸರ್‌ಗಳ ಬಿನ್ನೂ ಹೋಗುತ್ತದೆ. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಡಿ. ಕನ್ನಡ ಟೈಪಿಂಗಿನ ನುಡಿ, ಬರಹ ಆನ್ ಇದ್ದರೆ ಆಫ್ ಮಾಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: ಆರ್‌ಡಿ, ಸ್ಪೇಸ್, /ಎಸ್, ಸ್ಪೇಸ್, /ಕ್ಯೂ, ಸ್ಪೇಸ್, ಸಿ:\$ರಿಸೈಕಲ್.ಬಿನ್. ಆಮೇಲೆ ಎಂಟರ್. ಡಿ ಡ್ರೈವಿದ್ದರೆ ಸಿ ಬದಲು ಡಿ ಹಾಕಿ ಇನ್ನೊಮ್ಮೆ.

ಎರಡು ಕಡೆ ಎಡವುತ್ತಾರೆ. ವಿಂಡೋಸ್ 11ರಲ್ಲಿ 'ಟರ್ಮಿನಲ್' ತೆರೆದರೆ ಸಾಮಾನ್ಯವಾಗಿ ಬರುವುದು ಪವರ್‌ಶೆಲ್ ಎಂಬ ಬೇರೆಯೇ ಆಜ್ಞೆ ಕಿಟಕಿ. ಅಲ್ಲಿ ಈ ಆಜ್ಞೆ ನಡೆಯುವುದಿಲ್ಲ, ಮೊದಲು ಸಿಎಂಡಿ ಎಂದು ಹೊಡೆದು ಎಂಟರ್ ಒತ್ತಿ. ಎರಡನೆಯದು ನಿಜಕ್ಕೂ ಅಪಾಯ: 'ಸಿ:\' ಮತ್ತು '$' ನಡುವೆ ಸ್ಪೇಸ್ ಬಿದ್ದರೆ ಇಡೀ ಸಿ ಡ್ರೈವನ್ನೇ ಅಳಿಸಲು ಹೊರಡುತ್ತದೆ. /ಕ್ಯೂ ಇರುವುದರಿಂದ 'ಖಚಿತವೇ' ಎಂದು ಒಂದು ಮಾತೂ ಕೇಳುವುದಿಲ್ಲ. ಎಂಟರ್ ಒತ್ತುವ ಮುಂಚೆ ಸಾಲನ್ನು ಎರಡು ಸಲ ಓದಿ.

ಹಾಗಾದರೆ ಖಾಲಿ ಮಾಡಿದ ಫೈಲು ನಿಜವಾಗಿ ಹೋಯಿತೇ? ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಹೋಗಿರುವುದಿಲ್ಲ. 'ಈ ಜಾಗ ಖಾಲಿ' ಎಂದು ಗುರುತು ಹಾಕಿರುತ್ತದೆ ಅಷ್ಟೇ, ಅದರ ಮೇಲೆ ಬೇರೆಯದು ಬರೆಯುವ ತನಕ ಮರಳಿ ತೆಗೆಯಬಹುದು. ತಿರುಗುವ ಭಾಗವಿಲ್ಲದ, ಚಿಪ್ಪುಗಳಲ್ಲಿ ಉಳಿಸುವ ಎಸ್‌ಎಸ್‌ಡಿಯಲ್ಲಿ ಮಾತು ಬೇರೆ. ಅಳಿಸಿದ ಜಾಗ ಯಾವುದೆಂದು ವಿಂಡೋಸ್ ಟ್ರಿಮ್ ಎಂಬ ಆಜ್ಞೆಯಿಂದ ಡ್ರೈವಿಗೆ ತಿಳಿಸುತ್ತದೆ, ಡ್ರೈವ್ ಅದನ್ನು ತಾನೇ ಗುಡಿಸಿ ಹಾಕುತ್ತದೆ. ಆಮೇಲೆ ರಿಕವರಿ ಸಾಫ್ಟ್‌ವೇರಿಗೆ ದುಡ್ಡು ಕೊಟ್ಟರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹಳೆಯ ಲ್ಯಾಪ್‌ಟಾಪನ್ನು ಮಾರುವವರು ಮೊದಲು ನೋಡಬೇಕಾದದ್ದು, ಒಳಗಿರುವುದು ಈ ಎರಡರಲ್ಲಿ ಯಾವುದು ಎಂಬುದನ್ನು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕಿನ ಕೆಳಗೆ ಬರೆದಿರುತ್ತದೆ.